ಆಲ್ಟೋಗೂ ಅಷ್ಟೇ, ರೇಂಜ್ ರೋವರ್‌ಗೂ ಅಷ್ಟೇ

ಆದಾಯ ನೋಡಿ ದಂಡ ಹಾಕುವ ಪದ್ಧತಿ ನಮ್ಮ ದೇಶದಲ್ಲಿ ಈಗಾಗಲೇ ಇದೆ ಅಂದರೆ ಹೆಚ್ಚಿನವರು ನಂಬುವುದಿಲ್ಲ. ಆದಾಯ ತೆರಿಗೆ ರಿಟರ್ನ್ ತಡವಾಗಿ ಹಾಕಿ ನೋಡಿ, ಗೊತ್ತಾಗುತ್ತದೆ. ವರ್ಷದ ಆದಾಯ 5 ಲಕ್ಷದೊಳಗಿದ್ದರೆ 1,000 ರೂಪಾಯಿ. ಅದನ್ನು ದಾಟಿದರೆ 5,000. ಜಿಎಸ್‌ಟಿಯಲ್ಲೂ ಹಾಗೇ. ತಿಂಗಳ ರಿಟರ್ನ್ ತಡವಾದರೆ ಹಾಕುವ ಶುಲ್ಕಕ್ಕೆ 2021ರಿಂದ ಮಿತಿ ಇಟ್ಟಿದ್ದಾರೆ. ವರ್ಷದ ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ 2,000, 5 ಕೋಟಿವರೆಗೆ 5,000, ಅದಕ್ಕೂ ಮೇಲಿದ್ದರೆ 10,000. ಎಲ್ಲರೂ ಮಾಡಿದ್ದು ಒಂದೇ ತಪ್ಪು, ಕಟ್ಟುವುದು ಮಾತ್ರ ಬೇರೆ ಬೇರೆ.

ಮಂಗಳೂರಿನ ರಥಬೀದಿಯ ಹತ್ತಿರ ಒಂದು ಹಳೆ ಕಟ್ಟಡದ ಮಾಳಿಗೆಯಲ್ಲಿ ನನ್ನ ಆಫೀಸು. ರಿಟರ್ನ್ ತುಂಬಿಸುವುದು, ಲೆಕ್ಕ ಬರೆಯುವುದು, ನೋಟಿಸು ಬಂದರೆ ಉತ್ತರ ಕೊಡುವುದು. ಜುಲೈ ಕೊನೆಯಲ್ಲಿ ಮೆಟ್ಟಿಲ ಮೇಲೂ ಜನ ಕೂತಿರುತ್ತಾರೆ. ಇಷ್ಟು ವರ್ಷದಲ್ಲಿ 5,000 ಕಟ್ಟಿದ ಒಬ್ಬರೂ, "ಅವನಿಗೆ ಸಾವಿರ, ನನಗೆ ಮಾತ್ರ ಐದು ಸಾವಿರ ಯಾಕೆ" ಅಂತ ನನ್ನಲ್ಲಿ ಕೇಳಿಲ್ಲ. ತಡ ಮಾಡಿದ್ದಕ್ಕೆ ತಮ್ಮನ್ನೇ ಬೈದುಕೊಂಡು ಕಟ್ಟಿ ಹೋಗುತ್ತಾರೆ. ಅದೇ ಜನರ ಎದುರು, ರಸ್ತೆ ಮೇಲಿನ ದಂಡವೂ ಹೀಗೇ ಇರಬೇಕು ಅಂತ ಹೇಳಿ ನೋಡಿ. ಕಮ್ಯುನಿಸ್ಟಾ ನೀವು ಅಂತ ಕೇಳುತ್ತಾರೆ.

ನಮ್ಮ ಮೋಟಾರು ವಾಹನ ಕಾಯ್ದೆ ಸುಮಾರು ಕಡೆ ಗಾಡಿಯ ತೂಕ ನೋಡುತ್ತದೆ, ಬೆಲೆ ನೋಡುವುದಿಲ್ಲ. 7,500 ಕಿಲೋದೊಳಗಿನ ಕಾರು ಜೀಪೆಲ್ಲ ಅದಕ್ಕೆ ಲೈಟ್ ಮೋಟಾರ್ ವೆಹಿಕಲ್. 2019ರ ತಿದ್ದುಪಡಿ ಪ್ರಕಾರ ಅತಿ ವೇಗಕ್ಕೆ ಲೈಟ್ ಗಾಡಿಗೆ 1,000ದಿಂದ 2,000 ರೂಪಾಯಿ, ಅದಕ್ಕಿಂತ ದೊಡ್ಡ ಗಾಡಿಗೆ 2,000ದಿಂದ 4,000. ಆಲ್ಟೋ ಲೈಟ್. ರೇಂಜ್ ರೋವರ್ ಕೂಡ ಲೈಟ್.

ಹೆಲ್ಮೆಟ್, ಸೀಟ್ ಬೆಲ್ಟು ನೋಡಿ. ಕೇಂದ್ರ ಸರಕಾರ ಎರಡಕ್ಕೂ 1,000 ಅಂತ ಮಾಡಿತ್ತು. ಜನ ಗಲಾಟೆ ಮಾಡಿದ ಮೇಲೆ 2019ರ ಸೆಪ್ಟೆಂಬರಿನಲ್ಲೇ ನಮ್ಮ ರಾಜ್ಯ ಸರಕಾರ ಎರಡನ್ನೂ 500ಕ್ಕೆ ಇಳಿಸಿತು. ಸ್ಕೂಟರಿನವನಿಗೆ 500, ಕಾರಿನವನಿಗೂ 500. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ, ಅಲ್ವಾ?

ನನ್ನಲ್ಲಿಗೆ ಬರುವ ಒಬ್ಬ ಹುಡುಗ ಇದ್ದಾನೆ. ಹಾವೇರಿ ಕಡೆಯವನು, ಬಿಕರ್ನಕಟ್ಟೆಯಲ್ಲಿ ನಾಲ್ಕೈದು ಜನ ಸೇರಿ ರೂಮು ಮಾಡಿದ್ದಾರೆ, ಊಟ ಡೆಲಿವರಿ ಕೆಲಸ. ಡೆಲಿವರಿ ಹುಡುಗ ನನ್ನಲ್ಲಿಗೆ ಯಾಕೆ ಬರುತ್ತಾನೆ ಅಂದರೆ, ಕಂಪೆನಿ ಅವನ ದುಡ್ಡಿನಲ್ಲಿ ನೂರಕ್ಕೆ ಒಂದು ರೂಪಾಯಿ ಟಿಡಿಎಸ್ ಅಂತ ತೆರಿಗೆ ಹಿಡಿಯುತ್ತದೆ. ರಿಟರ್ನ್ ಹಾಕಿದರೆ ಅದು ವಾಪಸ್ ಬರುತ್ತದೆ. ಹಾಗಾಗಿ ಅವನ ಬ್ಯಾಂಕ್ ಸ್ಟೇಟ್‌ಮೆಂಟು ನನಗೆ ಬಾಯಿಪಾಠ. ಪೆಟ್ರೋಲ್ ಕಳೆದು ಕೈಗೆ ಉಳಿಯುವುದು ದಿನಕ್ಕೆ ಐನೂರು, ಆರುನೂರು. ಏಪ್ರಿಲಿನ ಸೆಕೆಗೆ ತಲೆ ಬೆವರಿ, ಹೆಲ್ಮೆಟನ್ನು ಕನ್ನಡಿಗೆ ಸಿಕ್ಕಿಸಿ ಹೋಗುತ್ತಿದ್ದ. ನಂತೂರಿನಲ್ಲಿ ಹಿಡಿದರು. "ಐನೂರು ಹೋತ್ರೀ ಅಕ್ಕಾ, ಇವತ್ತಿನ ದಿನಾ ಪುಕ್ಕಟೆ ದುಡದಂಗಾತು" ಅಂದ. ಅವನ ತಪ್ಪು ಅಂತ ಅವನಿಗೂ ಗೊತ್ತು, ವಾದ ಮಾಡಲಿಲ್ಲ. ಆ ದಿನದಿಂದ ಹೆಲ್ಮೆಟ್ ತಲೆ ಮೇಲೇ ಇದೆ. ಅಂದರೆ ದಂಡ ಅವನ ಮೇಲೆ ಕೆಲಸ ಮಾಡಿತು.

ಇನ್ನೊಬ್ಬರು ನನ್ನ ಹಳೆ ಕಕ್ಷಿದಾರರು. ಹೋಟೆಲ್ ಉಂಟು, ಎರಡು ಅಂಗಡಿ ಬಾಡಿಗೆಗೆ ಕೊಟ್ಟಿದ್ದಾರೆ. ಒಳ್ಳೆಯ ಮನುಷ್ಯ, ಫೀಸು ಬಾಕಿ ಇಟ್ಟವರಲ್ಲ. ಹಂಪನಕಟ್ಟೆಗೆ ಬಂದರೆ ದೊಡ್ಡ ಕಾರನ್ನು ನೋ ಪಾರ್ಕಿಂಗ್ ಬೋರ್ಡಿನ ಬುಡದಲ್ಲೇ ನಿಲ್ಲಿಸುತ್ತಾರೆ. ಒಮ್ಮೆ ಕೇಳಿದೆ. "ಜಾಗ ಹುಡುಕಿಕೊಂಡು ಅರ್ಧ ಗಂಟೆ ಸುತ್ತುವುದಕ್ಕಿಂತ ಇದೇ ಲಾಭ ಮೇಡಂ. ಅಪರೂಪಕ್ಕೆ ಒಂದು ಸಲ ಹಿಡಿದರೆ ಕಟ್ಟುವುದು, ಎಂತ ಅದು" ಅಂದರು. ಸ್ವಲ್ಪ ಯೋಚನೆ ಮಾಡಿ, "ಅಲ್ಲ, ಇದನ್ನು ಹೋಟೆಲಿನ ಖರ್ಚಿಗೆ ಹಾಕಲಿಕ್ಕೆ ಆಗ್ತದಾ?" ಅಂತಲೂ ಕೇಳಿದರು. ಆಗುವುದಿಲ್ಲ ಮಾರಾಯ್ರೆ. ಕಾನೂನು ಮುರಿದು ಕಟ್ಟಿದ ದಂಡವನ್ನು ವ್ಯಾಪಾರದ ಖರ್ಚು ಅಂತ ತೋರಿಸುವ ಹಾಗಿಲ್ಲ. ಆದಾಯ ತೆರಿಗೆ ಕಾನೂನೇ ಅದನ್ನು ಬೇಡ ಅನ್ನುತ್ತದೆ. ಅವರಿಗೆ ದಂಡ ಕಟ್ಟಿದ್ದಕ್ಕಿಂತ ಇದಕ್ಕೇ ಜಾಸ್ತಿ ಬೇಜಾರಾಯಿತು.

ಆ ದಿನ ಅವರ ಹತ್ತಿರವೇ ಈ ವಿಷಯ ಎತ್ತಿದೆ. ಫಿನ್‌ಲ್ಯಾಂಡಿನ ಕಥೆ ಹೇಳಿದೆ. ಅಲ್ಲಿ 1921ರಿಂದಲೂ ದಿನದ ಲೆಕ್ಕದ ದಂಡ ಇದೆ. ತಪ್ಪು ಎಷ್ಟು ದೊಡ್ಡದು ಅಂತ ನೋಡಿ ಇಷ್ಟು ದಿನ ಅಂತ ನಿರ್ಧರಿಸುತ್ತಾರೆ. ಒಂದು ದಿನಕ್ಕೆ ಎಷ್ಟು ಯೂರೋ ಎನ್ನುವುದು ತಪ್ಪು ಮಾಡಿದವನ ಆದಾಯದಿಂದ ಬರುತ್ತದೆ. ತೆರಿಗೆ ಕಳೆದು ತಿಂಗಳಿಗೆ ಕೈಗೆ ಬರುವುದರಲ್ಲಿ 255 ಯೂರೋ ಬಿಟ್ಟು, ಉಳಿದದ್ದನ್ನು 60ರಿಂದ ಭಾಗಿಸುವುದು. ಸುಮಾರಾಗಿ ಅರ್ಧ ದಿನದ ಗಳಿಕೆ ಆಯಿತಲ್ಲ. ಸಣ್ಣಪುಟ್ಟ ವೇಗಕ್ಕೆ ಈ ಲೆಕ್ಕ ಇಲ್ಲ, ಎಲ್ಲರಿಗೂ ಒಂದೇ ರೇಟು. ಮಿತಿಗಿಂತ 20 ಕಿಲೋಮೀಟರಿಗೂ ಜಾಸ್ತಿ ಹೋದರೆ ಮಾತ್ರ ಶುರುವಾಗುತ್ತದೆ. 2023ರಲ್ಲಿ ಓಲಂಡ್ ದ್ವೀಪದ ಆಂಡರ್ಸ್ ವಿಕ್‌ಲೋಫ್ ಎಂಬ ಉದ್ಯಮಿ 50ರ ಮಿತಿಯಲ್ಲಿ 82ರಲ್ಲಿ ಹೋಗಿದ್ದಕ್ಕೆ 1,21,000 ಯೂರೋ ಕಟ್ಟಿದರು. ಕೋಟಿ ರೂಪಾಯಿಗಿಂತ ಮೇಲೆ. ಅವರಿಗೆ ಇದು ಮೊದಲ ಸಲವೂ ಅಲ್ಲ. ಹಿಂದೆಯೂ ಹೀಗೇ ದೊಡ್ಡ ದೊಡ್ಡ ದಂಡ ಕಟ್ಟಿದವರು. ಹಾಗಾಗಿ ದಂಡ ದೊಡ್ಡದಿದ್ದರೆ ಮನುಷ್ಯ ಸರಿಯಾಗಿಬಿಡುತ್ತಾನೆ ಅಂತ ನಾನು ಹೇಳಲಾರೆ.

ನಮ್ಮ ಹೋಟೆಲಿನವರು ಒಪ್ಪಲಿಲ್ಲ. ಅವರ ಮಾತೂ ತೆಗೆದುಹಾಕುವಂಥದ್ದಲ್ಲ. "ನನ್ನ ಕಾರು ಬಡಿದರೂ ಕಾಲು ಮುರಿಯುವುದು, ಅವನ ಬೈಕು ಬಡಿದರೂ ಮುರಿಯುವುದು ಅದೇ ಕಾಲು. ಮತ್ತೆ ದಂಡ ಯಾಕೆ ಬೇರೆ? ಟ್ಯಾಕ್ಸೂ ನಾನೇ ಜಾಸ್ತಿ ಕಟ್ಟುವುದು. ಕಾನೂನು ಎಲ್ಲರಿಗೂ ಒಂದೇ ಅಂತ ಶಾಲೆಯಲ್ಲಿ ಕಲಿಸಿದ್ದು ಸುಮ್ನೆಯಾ?"

ಮುರಿದ ಕಾಲಿಗೆ ಕೊಡುವುದು ಪರಿಹಾರ. ಅದನ್ನು ಕಾಲಿನ ಲೆಕ್ಕದಲ್ಲೇ ಕೊಡಬೇಕು, ಸರಿ. ದಂಡ ಇರುವುದು ಇನ್ನೊಂದು ಸಲ ಹಾಗೆ ಮಾಡಬೇಡ ಅಂತ ಹೇಳಲಿಕ್ಕೆ. ದಂಡ ಆ ಹುಡುಗನಿಗೆ ಹೇಳಿದ ಹಾಗೆ ಇವರಿಗೆ ಹೇಳಿತಾ? ಇವರಿಗೆ ಅದು ಹೇಳಿದ್ದು, ಇಲ್ಲಿ ಕಾರು ನಿಲ್ಲಿಸಲಿಕ್ಕೆ ಇಷ್ಟು ಬಾಡಿಗೆ ಅಂತ ಮಾತ್ರ. ಜೈಲಿಗೆ ಹಾಕುವಾಗ ಇಬ್ಬರಿಗೂ ಒಂದೊಂದು ತಿಂಗಳು ಅಂದರೆ ನಿಜವಾಗಿ ಒಂದೇ ಶಿಕ್ಷೆ, ಯಾಕೆಂದರೆ ತಿಂಗಳು ಇಬ್ಬರಿಗೂ ಮೂವತ್ತೇ ದಿನ. ಅದನ್ನು ರೂಪಾಯಿ ಮಾಡಿದ ಕೂಡಲೇ ಒಂದೇ ಆಗಿ ಉಳಿಯುವುದಿಲ್ಲ.

ಇನ್ನೊಂದು ವಿಷಯ ಇವರಿಗೆ ಗೊತ್ತಿರಲಿಲ್ಲ, ತುಂಬ ಜನಕ್ಕೆ ಗೊತ್ತಿಲ್ಲ. ಕೋರ್ಟು ಬರೀ ದಂಡ ಹಾಕಿದ ಕೇಸಿನಲ್ಲಿ ಅದನ್ನು ಕಟ್ಟಲು ಆಗದಿದ್ದರೆ ಒಳಗೆ ಕೂರಬೇಕಾಗಬಹುದು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ 5,000ದವರೆಗಿನ ದಂಡಕ್ಕೆ ಎರಡು ತಿಂಗಳವರೆಗೆ, 10,000ದವರೆಗೆ ನಾಲ್ಕು ತಿಂಗಳವರೆಗೆ, ಅದಕ್ಕೂ ಮೇಲಿದ್ದರೆ ಒಂದು ವರ್ಷದವರೆಗೆ. ಐದು ಸಾವಿರ ಇದ್ದವನು ಮನೆಗೆ, ಇಲ್ಲದವನು ಜೈಲಿಗೆ. ಇದು ನಿಜವಾಗಿ ನಡೆಯುವ ಸಂಗತಿ. ಇಲ್ಲದಿದ್ದರೆ ಕೇಂದ್ರ ಸರಕಾರ 2023ರ ಬಜೆಟಿನಲ್ಲಿ, ದಂಡ ಮತ್ತು ಜಾಮೀನಿನ ದುಡ್ಡು ಕಟ್ಟಲಾಗದೆ ಜೈಲಿನಲ್ಲಿರುವ ಬಡ ಕೈದಿಗಳಿಗೆ ಸಹಾಯ ಅಂತ ಒಂದು ಯೋಜನೆಯನ್ನೇ ಯಾಕೆ ಮಾಡುತ್ತಿತ್ತು? ಎಲ್ಲರಿಗೂ ಒಂದೇ ದಂಡ ಅನ್ನುವವರು ಈ ಭಾಗವನ್ನು ಓದಿರುವುದಿಲ್ಲ.

ನಮ್ಮ ತುಳುನಾಡಿಗೆ ಈ ಯೋಚನೆ ಹೊಸದೇನಲ್ಲ. ದೈವಸ್ಥಾನದಲ್ಲಿ ತಪ್ಪು ಕಾಣಿಕೆ ಹಾಕುವುದುಂಟಲ್ಲ. ಸೇವೆಗಳಿಗೆ ಗೋಡೆಯಲ್ಲಿ ರೇಟಿನ ಬೋರ್ಡು ಇರುತ್ತದೆ. ತಪ್ಪು ಕಾಣಿಕೆಗೆ ರೇಟು ಬರೆದದ್ದನ್ನು ನಾನು ನೋಡಿಲ್ಲ. ಅವರವರ ಕೈಲಾದಷ್ಟು. ಇದ್ದವರು ಚಿಲ್ಲರೆ ಹಾಕಿ ಹೋದರೆ ಊರವರು ನೋಡದ ಹಾಗೆ ಇರುವುದಿಲ್ಲ.

ಹಾಗಾದರೆ ಫಿನ್‌ಲ್ಯಾಂಡಿನದ್ದನ್ನು ತಂದು ನಂತೂರಿನಲ್ಲಿ ನಿಲ್ಲಿಸಿದರೆ ಆಯಿತಾ? ಆಗುವುದಿಲ್ಲ. ಇಲ್ಲಿ ನನ್ನ ಕಸುಬಿನ ಮಾತು ಹೇಳಬೇಕು.

ಫಿನ್‌ಲ್ಯಾಂಡಿನಲ್ಲಿ ಯಾರ ತೆರಿಗೆ ಎಷ್ಟು ಎನ್ನುವುದು ಗುಟ್ಟಲ್ಲ. ಪ್ರತಿ ವರ್ಷ ನವೆಂಬರಿನಲ್ಲಿ ಪತ್ರಿಕೆಗಳಲ್ಲೇ ಬರುತ್ತದೆ. ಪೊಲೀಸರಿಗೂ ತೆರಿಗೆಯ ಲೆಕ್ಕ ಸಿಗುತ್ತದೆ. ಅಲ್ಲಿಯೂ ಎಡವಟ್ಟು ಆಗಿದೆ. 2002ರಲ್ಲಿ ನೋಕಿಯಾದ ಆನ್ಸಿ ವಾನ್ಯೋಕಿ ಎಂಬ ದೊಡ್ಡ ಅಧಿಕಾರಿಗೆ 50ರ ರಸ್ತೆಯಲ್ಲಿ 75ರಲ್ಲಿ ಬೈಕ್ ಓಡಿಸಿದ್ದಕ್ಕೆ 1,16,000 ಯೂರೋ ದಂಡ ಬಿತ್ತು. ಅದು ಹಿಂದಿನ ಒಂದು ವರ್ಷ ಷೇರು ಮಾರಿ ಬಂದ ಆದಾಯದ ಮೇಲೆ ಹಾಕಿದ ಲೆಕ್ಕ. ಆಮೇಲೆ ಆದಾಯ ಇಳಿದಿತ್ತು. ಮೇಲ್ಮನವಿಯಲ್ಲಿ ಅದು ಸುಮಾರು 5,000 ಯೂರೋಗೆ ಇಳಿಯಿತು. ಅಷ್ಟು ಚೊಕ್ಕ ಲೆಕ್ಕ ಇರುವ ದೇಶದಲ್ಲೇ ಹೀಗೆ.

ನಮ್ಮಲ್ಲಿ ಕಾಗದದ ಮೇಲಿನ ಆದಾಯವೇ ಬೇರೆ, ಮನೆಯ ಅಂಗಳದಲ್ಲಿ ನಿಂತ ಕಾರೇ ಬೇರೆ. ಕಳ್ಳತನದ ಮಾತು ನಾನು ಹೇಳುತ್ತಿಲ್ಲ. ಕಾನೂನು ಕೊಟ್ಟ ದಾರಿಯಲ್ಲೇ ಇದು ಆಗುತ್ತದೆ. ಪುತ್ತೂರು, ಸುಳ್ಯದ ಕಡೆ ಹತ್ತಿಪ್ಪತ್ತು ಎಕ್ರೆ ಅಡಿಕೆ ತೋಟ ಇದ್ದವರ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷ ಹೊಸ ಕಾರು ಬರುತ್ತದೆ, ತೆರಿಗೆ ಬೀಳುವ ಆದಾಯ ಮಾತ್ರ ಸೊನ್ನೆ. ಪಾಲುದಾರಿಕೆಯ ಅಂಗಡಿ ಇದ್ದರೆ ತೆರಿಗೆ ಕಟ್ಟುವುದು ಫರ್ಮು. ಪಾಲುದಾರನ ಕೈಗೆ ಬರುವ ಲಾಭಕ್ಕೆ ಮತ್ತೆ ತೆರಿಗೆ ಇಲ್ಲ. ಕಾರೂ ಫರ್ಮಿನ ಹೆಸರಲ್ಲೇ. ಸಣ್ಣ ವ್ಯಾಪಾರಿಗಳಿಗೆ, ವಹಿವಾಟಿನ ನೂರಕ್ಕೆ ಎಂಟೋ ಆರೋ ಲಾಭ ಅಂತ ತೋರಿಸಿದರೆ ಸಾಕು ಎನ್ನುವ ಸೌಲಭ್ಯ ಇದೆ. ಅದರಲ್ಲಿ ನಿಜವಾದ ಲಾಭ ಎಷ್ಟು ಅಂತ ದೇವರಿಗೇ ಗೊತ್ತು.

ಇವರೆಲ್ಲರ ನಡುವೆ ಕೊನೆಯ ರೂಪಾಯಿವರೆಗೂ ಕಾಣಿಸುವ ಆದಾಯ ಯಾರದ್ದು? ಸಂಬಳದವರದ್ದು. ಕಾಲೇಜಿನ ಮೇಷ್ಟ್ರು, ಬ್ಯಾಂಕಿನವರು, ಆಸ್ಪತ್ರೆಯ ನರ್ಸು. ಆದಾಯ ನೋಡಿ ದಂಡ ಹಾಕಲು ಹೊರಟರೆ ಆರನೇ ಕ್ಲಾಸಿನ ಮೇಡಂ ತನ್ನ ಸ್ಕೂಟಿಗೆ ಕಟ್ಟುವ ದಂಡ, ಫಾರ್ಚೂನರಿನ ಯಜಮಾನರಿಗಿಂತ ಜಾಸ್ತಿಯಾದೀತು. ನನ್ನ ಕಪಾಟಿನಲ್ಲಿರುವ ಫೈಲುಗಳನ್ನೇ ನೋಡಿ ಹೇಳುತ್ತಿದ್ದೇನೆ.

ಫಾರ್ಮು ಕೊಟ್ಟು ಆದಾಯ ಬರೆಸಿಕೊಂಡರೆ? ಅದನ್ನು ಇಂಗ್ಲೆಂಡಿನವರು ಮಾಡಿ ನೋಡಿದ್ದಾರೆ. 1992ರ ಅಕ್ಟೋಬರಿನಲ್ಲಿ ಶುರು ಮಾಡಿ 1993ರಲ್ಲಿ ಕೈಬಿಟ್ಟರು. ಒಬ್ಬ ಚಿಪ್ಸಿನ ಖಾಲಿ ಪ್ಯಾಕೆಟ್ ರಸ್ತೆಗೆ ಎಸೆದದ್ದಕ್ಕೆ 1,200 ಪೌಂಡ್ ದಂಡ ಬಿದ್ದು ದೇಶವೇ ನಕ್ಕಿತ್ತು. ಅವನು ಶ್ರೀಮಂತ ಆಗಿರಲಿಲ್ಲ. ಆದಾಯದ ವಿವರ ಕೊಡದ ಕಾರಣ ಗರಿಷ್ಠ ಅಂತ ಹಾಕಿಬಿಟ್ಟಿದ್ದರು. ಫಾರ್ಮು ತುಂಬದವರ ಕಷ್ಟ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾಗಿ ನಾನು ಹೇಳುವುದು, ಆದಾಯದ ತಂಟೆಗೆ ಹೋಗಬೇಡಿ. ಗಾಡಿಯ ಬೆಲೆ ನೋಡಿ.

ಆದಾಯ ಅಡಗಿಸಬಹುದು, ಕಾರನ್ನು ಅಡಗಿಸಲಿಕ್ಕೆ ಆಗುವುದಿಲ್ಲ. ಸರಕಾರಕ್ಕೂ ಅದರ ಬೆಲೆ ಗೊತ್ತಿದೆ. ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆಯೇ ಬೆಲೆಯ ಮೇಲೆ ಏರುತ್ತದೆ. 5 ಲಕ್ಷದೊಳಗಿನ ಕಾರಿಗೆ ಶೇಕಡಾ 13, ಆಮೇಲೆ 14, 17, ಮತ್ತು 20 ಲಕ್ಷ ದಾಟಿದರೆ 18. ಅದರ ಮೇಲೆ ಸೆಸ್ ಬೇರೆ. ದೊಡ್ಡ ಕಾರಿನವರು ಬರೀ ಹೆಚ್ಚು ರೂಪಾಯಿ ಅಲ್ಲ, ಹೆಚ್ಚು ಶೇಕಡಾವಾರು ಕಟ್ಟುತ್ತಾರೆ. ಗಾಡಿ ರಸ್ತೆಗೆ ಇಳಿಸುವಾಗ ನೋಡುವ ಬೆಲೆಯನ್ನು ಅದೇ ರಸ್ತೆಯಲ್ಲಿ ತಪ್ಪು ಮಾಡಿದಾಗ ಯಾಕೆ ನೋಡಬಾರದು?

ಹೊಸದಾಗಿ ತೆಗೆದುಕೊಂಡಾಗಿನ ಬೆಲೆ ಬೇಡ. ಹತ್ತು ವರ್ಷದ ಹಳೆ ಬೆಂಜನ್ನು ಆಸೆಪಟ್ಟು ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡವರಿಗೆ ಅನ್ಯಾಯ ಆಗುತ್ತದೆ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಅಂಕೆ ಇರುತ್ತದೆ, ಈಗ ಈ ಗಾಡಿಯ ಬೆಲೆ ಇಷ್ಟು ಅಂತ. ಅದು ವರ್ಷ ವರ್ಷ ಇಳಿಯುತ್ತದೆ. ಗಾಡಿಗೆ ಒಂದು ವರ್ಷ ತುಂಬಿದ ಮೇಲೆ ಶೇಕಡಾ 20, ಎರಡು ತುಂಬಿದರೆ 30, ನಾಲ್ಕು ತುಂಬಿದರೆ 50 ಕಳೆಯುತ್ತಾರೆ. ಆ ಅಂಕೆಯನ್ನು ಹಿಡಿಯೋಣ. ಅತಿ ವೇಗಕ್ಕೆ ಐಡಿವಿಯ ನೂರಕ್ಕೆ ಕಾಲು ರೂಪಾಯಿ ಅಂತ ಇಟ್ಟುಕೊಳ್ಳಿ. 4 ಲಕ್ಷದ ಆಲ್ಟೋಗೆ 1,000 ಆಯಿತು, ಅಂದರೆ ಈಗ ಕಾಯ್ದೆಯಲ್ಲಿರುವ ಕನಿಷ್ಠವೇ. 80 ಲಕ್ಷದ ಕಾರಿಗೆ 20,000. 40,000ದ ಸ್ಕೂಟರಿಗೆ 100 ಬರುತ್ತದೆ, ಅದು ತೀರಾ ಕಡಿಮೆ, ಕನಿಷ್ಠ 300 ಅಂತ ಮಾಡಿದರಾಯಿತು. 2019ರ ಸೆಪ್ಟೆಂಬರಿನಲ್ಲಿ ಗುರುಗ್ರಾಮದಲ್ಲಿ ಒಬ್ಬರಿಗೆ 15,000 ಬೆಲೆಯ ಸ್ಕೂಟರಿಗೆ 23,000 ದಂಡ ಬರೆದದ್ದು ದೇಶವೆಲ್ಲ ಸುದ್ದಿಯಾಗಿತ್ತು. ಅಂಥದ್ದು ಈ ಲೆಕ್ಕದಲ್ಲಿ ಆಗುವುದಿಲ್ಲ.

ಹಳದಿ ಬೋರ್ಡಿನ ಗಾಡಿಗಳನ್ನು ಇದರಿಂದ ಹೊರಗಿಡಬೇಕು. ಹನ್ನೆರಡು ಲಕ್ಷದ ಟ್ಯಾಕ್ಸಿ ಇಟ್ಟುಕೊಂಡವನು ಹನ್ನೆರಡು ಲಕ್ಷದ ಶ್ರೀಮಂತ ಅಲ್ಲ, ಅದರಲ್ಲಿ ಹತ್ತು ಲಕ್ಷ ಬ್ಯಾಂಕಿನದ್ದು. ಬಸ್ಸಿನ ವಿಷಯ ಇನ್ನೂ ಸಿಕ್ಕು. ನಮ್ಮೂರ ಸಿಟಿ ಬಸ್ಸುಗಳು ಯಾಕೆ ಹಾಗೆ ಓಡುತ್ತವೆ ಅಂತ ಎಲ್ಲರಿಗೂ ಗೊತ್ತು. ಟೈಮಿಂಗ್. ಹಿಂದಿನ ಬಸ್ಸು ಮುಟ್ಟುವ ಮೊದಲು ಮುಂದಿನ ಸ್ಟಾಪಿನ ಜನರನ್ನು ಹತ್ತಿಸಬೇಕು. ಒಬ್ಬ ಡ್ರೈವರ್ ನನ್ನಲ್ಲಿ ಹೇಳಿದ್ದು, ದಂಡ ಬಿದ್ದರೆ ಅದು ಅವನ ಮತ್ತು ಕಂಡಕ್ಟರಿನ ಕೈಯಿಂದಲೇ ಹೋಗುತ್ತದಂತೆ. ಅಲ್ಲಿ ಬಸ್ಸಿನ ಬೆಲೆ ನೋಡಿ ದಂಡ ಹಾಕಿದರೆ ಬಡವನ ತಲೆ ಮೇಲೆ ಶ್ರೀಮಂತರ ದಂಡ ಕೂತ ಹಾಗೆ. ಚಲನ್ ಮಾಲೀಕರ ಹೆಸರಿಗೆ, ವಸೂಲಿಯೂ ಮಾಲೀಕರಿಂದಲೇ ಅಂತ ಗಟ್ಟಿಯಾಗುವವರೆಗೆ ಬಸ್ಸನ್ನು ಮುಟ್ಟದಿರುವುದೇ ಒಳ್ಳೆಯದು.

ಲೈಸೆನ್ಸ್ ಸಸ್ಪೆಂಡ್ ಮಾಡಿದರೆ ಎಲ್ಲರಿಗೂ ಸಮ ಅಲ್ವಾ ಅಂತ ತಮ್ಮ ಕೇಳಿದ. ಅಲ್ಲ. ಮೂರು ತಿಂಗಳು ಲೈಸೆನ್ಸ್ ಹೋದರೆ ಡೆಲಿವರಿ ಹುಡುಗ ಊರಿಗೆ ಬಸ್ಸು ಹತ್ತಬೇಕು. ಹೋಟೆಲಿನವರು ಡ್ರೈವರ್ ಇಡುತ್ತಾರೆ.

ಇನ್ನು ಆ ಅರ್ಧ ರೇಟಿನ ಹಬ್ಬ. 2023ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರಕಾರದವರು ಬಾಕಿ ಇರುವ ಟ್ರಾಫಿಕ್ ದಂಡಕ್ಕೆ 50 ಶೇಕಡಾ ರಿಯಾಯಿತಿ ಅಂದರು. 2025ರಲ್ಲೂ ಕೊಟ್ಟರು. ಖಜಾನೆಗೆ ಕೋಟಿಗಟ್ಟಲೆ ಬಂತು, ಸರಿ. ಆದರೆ ಬಾಕಿ ಇಟ್ಟವರು ಯಾರು? ಬೈಕಿನವನನ್ನು ಕೈ ಅಡ್ಡ ಹಾಕಿ ನಿಲ್ಲಿಸಿದರೆ ಅವನು ಅಲ್ಲೇ ಕಟ್ಟಿ ಹೋಗುತ್ತಾನೆ, ಕೆಲಸಕ್ಕೆ ತಡವಾಗುತ್ತದೆ. ಕ್ಯಾಮೆರಾದಲ್ಲಿ ಸಿಕ್ಕಿದ ಕಾರಿಗೆ ಮೆಸೇಜು ಬರುತ್ತದೆ, ಅದು ಮೊಬೈಲಿನಲ್ಲೇ ಮಲಗಿರುತ್ತದೆ. ನನ್ನ ಹುಡುಗ 500ಕ್ಕೆ 500 ಕಟ್ಟಿದ. ಕಾದು ಕೂತವರು ಅರ್ಧ ಕಟ್ಟಿದರು. ಅಂದರೆ ನಮ್ಮಲ್ಲೂ ಜನ ನೋಡಿ ದಂಡ ಉಂಟು, ತಲೆಕೆಳಗಾಗಿ.

ಕೆಳಗಿನ ಅಂಗಡಿಯಲ್ಲಿ ಇನ್ಶೂರೆನ್ಸ್ ಮಾಡಿಸುವ ಹುಡುಗನಿಗೆ ನನ್ನ ಐಡಿವಿ ಲೆಕ್ಕ ಹೇಳಿದೆ. ಅವನು ನಕ್ಕ. "ಅಕ್ಕ, ಈಗಲೇ ಪ್ರೀಮಿಯಂ ಉಳಿಸ್ಲಿಕ್ಕೆ ಐಡಿವಿ ಕಮ್ಮಿ ಮಾಡಿ ಅಂತ ಹಠ ಮಾಡ್ತಾರೆ. ನೀವು ದಂಡ ಬೇರೆ ಸೇರಿಸಿದ್ರೆ ಬೆಂಜು ಸಹ ಆಲ್ಟೋ ರೇಟಿಗೆ ಬರ್ತದೆ." ಎಷ್ಟು ಕಮ್ಮಿ ಮಾಡಲಿಕ್ಕೆ ಆಗ್ತದೆ ಅಂತ ಕೇಳಿದೆ. ಕಂಪೆನಿ ಒಂದು ಮಿತಿಯೊಳಗೆ ಮಾತ್ರ ಬಿಡುತ್ತದೆ ಅಂದ. ಬರೀ ಥರ್ಡ್ ಪಾರ್ಟಿ ಮಾಡಿಸಿ ಐಡಿವಿಯೇ ಇಲ್ಲದ ಹಾಗೆ ಮಾಡಬಹುದು ಅಂತಲೂ ಅವನೇ ಹೇಳಿದ. ಮಾಡಿಸಲಿ. ಕಾರು ಕಳವಾದರೆ, ಜೂನಿನ ಮಳೆಗೆ ಕೊಟ್ಟಾರ ಚೌಕಿಯಲ್ಲಿ ನೀರು ಏರಿ ಎಂಜಿನ್ ಮುಳುಗಿದರೆ, ಸಿಗುವುದು ಐಡಿವಿಯಲ್ಲಿ ಬರೆಸಿದಷ್ಟರೊಳಗೇ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಅದೂ ಇಲ್ಲ. 20,000 ದಂಡ ಉಳಿಸಲು 80 ಲಕ್ಷದ ಕಾರನ್ನು ಆ ಮಳೆಗೆ ಬಿಡುವವರು ಎಷ್ಟು ಜನ ಇದ್ದಾರೆ ಅಂತ ಕೇಳಿದೆ. ಅವನು ಸ್ವಲ್ಪ ಯೋಚಿಸಿ ಇಬ್ಬರ ಹೆಸರು ಹೇಳಿದ.